ಮೆದುಳಿನ ನರಕೋಶ: ರಚನೆ, ಕೆಲಸ, ಕೆಡುವ ಬಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ನರ ಮತ್ತು ನರಕೋಶ ಎರಡೂ ಒಂದೇನಾ?

ಅಲ್ಲ. ನರಕೋಶ ಅಥವಾ ನ್ಯೂರಾನ್ ಎಂದರೆ ಒಂದೇ ಒಂದು ಜೀವಕೋಶ. ನರ ಎಂದರೆ ಅಂಥ ಸಾವಿರಾರು ಕೋಶಗಳ ಉದ್ದನೆಯ ಎಳೆಗಳು ಹೊದಿಕೆ, ರಕ್ತನಾಳಗಳ ಸಮೇತ ಸೇರಿಕೊಂಡ ಕಟ್ಟು. ನಮ್ಮ ಆಡುಮಾತು ಇಲ್ಲಿ ಇನ್ನೊಂದು ತೊಡಕು ತರುತ್ತದೆ. ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದನ್ನೂ ನರ ಎಂದೇ ಕರೆಯುತ್ತೇವೆ, ಆದರೆ ಅದು ರಕ್ತನಾಳ. ಸೂಜಿ ಹಿಡಿದವರು "ನರ ಸಿಗ್ತಿಲ್ಲ" ಎನ್ನುವಾಗ ಹುಡುಕುತ್ತಿರುವುದೂ ರಕ್ತನಾಳವನ್ನೇ. ನಿಜವಾದ ನರ ಬಿಳಿ ದಾರದಂತಿದ್ದು ಹೊರಗಿನಿಂದ ಕಾಣಿಸುವುದಿಲ್ಲ. ಮೊಣಕೈಯ ಒಳಬದಿ ಎಲ್ಲಾದರೂ ತಗುಲಿ ಕಿರುಬೆರಳಿನವರೆಗೆ ಝುಂ ಎಂದರೆ, ಏಟು ಬಿದ್ದದ್ದು ನರಕ್ಕೆ.

ಮೆದುಳಿನಲ್ಲಿ ಎಷ್ಟು ನರಕೋಶಗಳಿವೆ? ಹತ್ತು ಸಾವಿರ ಕೋಟಿ ಎಂದು ಓದಿದ ನೆನಪು.

ಅದು ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾದ ದುಂಡು ಸಂಖ್ಯೆ. 2009ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಸರಾಸರಿ ಸುಮಾರು 8,600 ಕೋಟಿ. ಎಣಿಸಿದ ರೀತಿ ಸ್ವಾರಸ್ಯಕರವಾಗಿದೆ: ಮೆದುಳಿನ ಅಂಗಾಂಶವನ್ನು ಅರೆದು ಕೋಶಗಳ ಪೊರೆ ಒಡೆದು, ಕೋಶಕೇಂದ್ರಗಳು ಮಾತ್ರ ತೇಲುವ ದ್ರವ ಮಾಡಿಕೊಂಡರು. ನರಕೋಶದ ಕೇಂದ್ರಗಳಿಗಷ್ಟೇ ಅಂಟುವ ಬಣ್ಣ ಹಾಕಿ, ಚೆನ್ನಾಗಿ ಕಲಕಿ, ಒಂದು ಹನಿಯಲ್ಲಿ ಎಷ್ಟಿವೆ ಎಂದು ಎಣಿಸಿ ಗುಣಿಸಿದರು.

ಹಂಚಿಕೆ ಇನ್ನೂ ಅಚ್ಚರಿ ತರುತ್ತದೆ. ಮೆದುಳಿನ ತೂಕದಲ್ಲಿ ಹತ್ತನೇ ಒಂದು ಪಾಲಿರುವ, ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಸುಮಾರು 6,900 ಕೋಟಿ. ಯೋಚನೆ, ಮಾತು, ಯೋಜನೆಗಳೆಲ್ಲ ನಡೆಯುತ್ತವೆ ಎನ್ನುವ ಮೇಲ್ಪದರದಲ್ಲಿ ಸುಮಾರು 1,600 ಕೋಟಿ ಮಾತ್ರ. ಹಾಗಾಗಿ ಕೋಶಗಳ ಎಣಿಕೆಯಿಂದಲೇ ಬುದ್ಧಿಯನ್ನು ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ನರಕೋಶದ ಭಾಗಗಳು ಯಾವುವು? ಚಿತ್ರದಲ್ಲಿ ಕಾಣುವಂತೆಯೇ ಇರುತ್ತದೆಯೇ?

ಪಠ್ಯಪುಸ್ತಕದ ಚಿತ್ರದಲ್ಲಿ ಕೋಶಕಾಯ ದೊಡ್ಡದಾಗಿ, ಬಾಲ ಗಿಡ್ಡದಾಗಿ ಇರುತ್ತದೆ. ಪುಟದೊಳಗೆ ಹಿಡಿಸಲು ಬೇರೆ ದಾರಿಯಿಲ್ಲ. ಅಳತೆ ಮಾತ್ರ ಹಾಗಿಲ್ಲ.

ಕೋಶಕಾಯದ ಅಗಲ ಸಾಮಾನ್ಯವಾಗಿ 5ರಿಂದ 100 ಮೈಕ್ರಾನ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಕೋಶಕೇಂದ್ರ, ಪ್ರೋಟೀನು ತಯಾರಿಸುವ ವ್ಯವಸ್ಥೆ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಲ್ಲವೂ ಇದರೊಳಗಿವೆ. ಇದರಿಂದ ಕೊಂಬೆಗಳಂತೆ ಹರಡಿಕೊಂಡವು ಡೆಂಡ್ರೈಟುಗಳು, ಬೇರೆ ಕೋಶಗಳಿಂದ ಸಂದೇಶ ಬರುವುದು ಇವುಗಳ ಮೇಲೆ. ಹಲವು ಕೋಶಗಳಲ್ಲಿ ಕೊಂಬೆಯ ಉದ್ದಕ್ಕೂ ಒಂದು ಮೈಕ್ರಾನ್ ಆಸುಪಾಸಿನ ಮೊಗ್ಗುಗಳಿರುತ್ತವೆ, ಇವಕ್ಕೆ ಡೆಂಡ್ರೈಟ್ ಮುಳ್ಳುಗಳೆಂದು ಹೆಸರು. ಕಿರುಮೆದುಳಿನ ಪುರ್ಕಿಂಜೆ ಕೋಶವನ್ನು ನೋಡಿದರೆ ಇದರ ವೈಭವ ತಿಳಿಯುತ್ತದೆ. ಅದರ ಕೊಂಬೆಗಳು ಎಲ್ಲ ದಿಕ್ಕಿಗೂ ಹರಡದೆ, ಪುಸ್ತಕದೊಳಗೆ ಒತ್ತಿಟ್ಟು ಒಣಗಿಸಿದ ಗಿಡದಂತೆ ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ಹಬ್ಬಿರುತ್ತವೆ. ಆ ಸಮತಲವನ್ನು ಅಡ್ಡಡ್ಡ ದಾಟುವ ಸಣ್ಣ ಎಳೆಗಳಿಂದ ಒಂದೇ ಕೋಶಕ್ಕೆ ಲಕ್ಷಕ್ಕೂ ಮೀರಿದ ಸಂಪರ್ಕಗಳು ಸಿಗುತ್ತವೆ.

ಹೊರಹೋಗುವ ಎಳೆ ಆಕ್ಸಾನ್. ಕೋಶಕಾಯದಿಂದ ಹೊರಡುವುದು ಒಂದೇ. ಕೊನೆಯಲ್ಲಿ ಕವಲೊಡೆದು ಸಾವಿರಾರು ತುದಿಗಳಾಗಬಹುದು. ಮೆದುಳಿನ ಮೇಲ್ಪದರದಿಂದ ಬೆನ್ನುಹುರಿಯ ಕೆಳಭಾಗದವರೆಗೆ ಇಳಿಯುವ ಆಕ್ಸಾನ್ ಅರ್ಧ ಮೀಟರಿಗೂ ಉದ್ದ, ದಪ್ಪ ಮಾತ್ರ ಕೆಲವೇ ಮೈಕ್ರಾನ್. ಇದು ಹೊರಡುವ ಜಾಗದಲ್ಲಿ ಒಂದು ಗಿಡ್ಡ ತುಣುಕಿದೆ, ಆರಂಭಿಕ ಖಂಡ. ಚಿತ್ರಗಳಲ್ಲಿ ಇದನ್ನು ಗುರುತಿಸುವುದೇ ಕಡಿಮೆ. ನಮ್ಮ ಲೆಕ್ಕದಲ್ಲಿ ಇಡೀ ಕೋಶದ ಅತಿ ಮುಖ್ಯ ಜಾಗ ಇದೇ, ಯಾಕೆಂದರೆ ಮಿಡಿಯಬೇಕೋ (ವಿದ್ಯುತ್ ಸಂದೇಶ ಕಳಿಸಬೇಕೋ) ಬೇಡವೋ ಎಂಬುದು ತೀರ್ಮಾನವಾಗುವುದು ಇಲ್ಲಿ.

ಇಷ್ಟು ಸಣ್ಣ ಕೋಶದ ಪೂರ್ತಿ ಆಕಾರ ಮೊದಲು ಕಂಡದ್ದು ಹೇಗೆ?

ಬಣ್ಣ ಸರಿಯಾಗಿ ಹತ್ತದೇ ಇದ್ದುದರಿಂದ! ಮೆದುಳಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಎಳೆಗಳೂ ಹೆಣೆದುಕೊಂಡ ಸಿಕ್ಕು ಮಾತ್ರ ಕಾಣುತ್ತದೆ. 1873ರಲ್ಲಿ ಇಟಲಿಯ ಕ್ಯಾಮಿಲೊ ಗಾಲ್ಜಿ ಅಂಗಾಂಶವನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ, ಆಮೇಲೆ ಬೆಳ್ಳಿ ನೈಟ್ರೇಟಿಗೆ ಹಾಕುವ ವಿಧಾನ ಪ್ರಕಟಿಸಿದರು. ಇದರಲ್ಲಿ ನೂರಕ್ಕೆ ಕೆಲವೇ ಕೋಶಗಳು ಕಪ್ಪಾಗುತ್ತವೆ, ಆದರೆ ಕಪ್ಪಾದದ್ದು ತುದಿಯಿಂದ ತುದಿಗೆ ಪೂರ್ತಿ ಕಪ್ಪಾಗುತ್ತದೆ. ಎಲ್ಲವೂ ಬಣ್ಣ ಹೀರಿದ್ದರೆ ಏನೂ ಕಾಣುತ್ತಿರಲಿಲ್ಲ.

ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಇದೇ ವಿಧಾನವನ್ನು ಎಳೆಯ ಹಕ್ಕಿಗಳ, ಪ್ರಾಣಿಗಳ ಮೆದುಳಿನ ಮೇಲೆ ಪ್ರಯೋಗಿಸಿದರು. ಎಳೆಯ ಮೆದುಳಿನಲ್ಲಿ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇನ್ನೂ ಸುತ್ತಿಕೊಂಡಿರುವುದಿಲ್ಲವಾದ್ದರಿಂದ ಆಕ್ಸಾನ್ ಸ್ಪಷ್ಟವಾಗಿ ಕಾಣುತ್ತದೆ. ಎಳೆಗಳು ಒಂದರೊಳಗೊಂದು ಬೆಸೆದುಕೊಂಡಿಲ್ಲ, ಪ್ರತಿ ನರಕೋಶವೂ ಬಿಡಿ ಎಂದು ಅವರು 1888ರಿಂದ ವಾದಿಸಿದರು. ಎಲ್ಲವೂ ಒಂದೇ ಅಖಂಡ ಬಲೆ ಎಂಬುದು ಗಾಲ್ಜಿಯವರ ನಿಲುವು. 1906ರ ನೊಬೆಲ್ ಇಬ್ಬರಿಗೂ ಸೇರಿ ಬಂದಾಗಲೂ ಗಾಲ್ಜಿ ತಮ್ಮ ಭಾಷಣದಲ್ಲಿ ಬಲೆಯ ವಾದವನ್ನು ಬಿಡಲಿಲ್ಲ. ಕೋಶಗಳ ನಡುವಿನ ಸಂದು ಕಣ್ಣಿಗೆ ಕಂಡದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ.

ನರಕೋಶದಲ್ಲಿ ಕರೆಂಟ್ ಇರುತ್ತದೆ ಎನ್ನುತ್ತಾರೆ. ಅದು ಎಲ್ಲಿಂದ ಬರುತ್ತದೆ?

ತಂತಿಯೊಳಗೆ ಹರಿಯುವ ಎಲೆಕ್ಟ್ರಾನುಗಳನ್ನು ಮೊದಲು ತಲೆಯಿಂದ ತೆಗೆದುಹಾಕಿ. ಇಲ್ಲಿರುವುದು ಉಪ್ಪುನೀರಿನ ಅಯಾನುಗಳು, ಎಂದರೆ ವಿದ್ಯುತ್ ಆವೇಶವಿರುವ ಕಣಗಳು. ಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4 ಆಸುಪಾಸು. ಸೋಡಿಯಂ ಇದಕ್ಕೆ ತದ್ವಿರುದ್ಧ: ಹೊರಗೆ ಸುಮಾರು 145, ಒಳಗೆ 10ರಿಂದ 15. ಸುಮ್ಮನಿರುವ ಕೋಶದ ಪೊರೆ ಪೊಟ್ಯಾಸಿಯಂ ಸೋರಲು ದಾರಿ ಬಿಟ್ಟಿರುತ್ತದೆ, ಸೋಡಿಯಂಗೆ ಅಷ್ಟಾಗಿ ಬಿಟ್ಟಿರುವುದಿಲ್ಲ. ಧನ ಆವೇಶದ ಪೊಟ್ಯಾಸಿಯಂ ಸ್ವಲ್ಪ ಹೊರಬಿದ್ದ ಕೂಡಲೇ ಒಳಭಾಗ ಋಣವಾಗುತ್ತದೆ. ಹೀಗೆ ನಿಲ್ಲುವ ಮಟ್ಟ ಸುಮಾರು ಮೈನಸ್ 70 ಮಿಲಿವೋಲ್ಟ್.

70 ಮಿಲಿವೋಲ್ಟ್ ಎಂದರೆ ಕಡಿಮೆಯೆನಿಸುತ್ತದೆ. ಆದರೆ ಪೊರೆಯ ದಪ್ಪ ಸುಮಾರು 7 ನ್ಯಾನೋಮೀಟರ್. ಭಾಗಿಸಿ ನೋಡಿ, ಮೀಟರಿಗೆ ಒಂದು ಕೋಟಿ ವೋಲ್ಟ್ ತೀವ್ರತೆ! ಪೊರೆಯಲ್ಲಿ ಹುದುಗಿರುವ ಪ್ರೋಟೀನು ಬಾಗಿಲುಗಳು ವೋಲ್ಟೇಜಿನ ಸಣ್ಣ ಏರಿಳಿತಕ್ಕೂ ತೆರೆದು ಮುಚ್ಚುವುದು ಇದೇ ಕಾರಣಕ್ಕೆ.

ಸೋರಿದ್ದನ್ನು ಹಿಂದಕ್ಕೆ ಹಾಕುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ತೂತಿನ ಕೊಡಕ್ಕೆ ನೀರು ಹೊಯ್ಯುತ್ತಲೇ ಇರುವ ಕೆಲಸ ಇದು, ನಿದ್ದೆಯಲ್ಲೂ ಬಿಡುವಿಲ್ಲ. ಮುಂದಿನ ಹಲವು ಉತ್ತರಗಳಿಗೆ ಈ ಪಂಪೇ ಕೀಲಿಕೈ.

ಒಂದು ಮಿಡಿತ ನಡೆಯುವುದು ಹೇಗೆ? ಹಂತ ಹಂತವಾಗಿ ಹೇಳಿ.

ಇಡೀ ಘಟನೆ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

1. ಬೇರೆ ಕೋಶಗಳ ಸಂದೇಶಗಳಿಂದ ಆರಂಭಿಕ ಖಂಡದ ವೋಲ್ಟೇಜ್ ಮೈನಸ್ 70ರಿಂದ ಮೈನಸ್ 55ರ ಹತ್ತಿರಕ್ಕೆ ಏರುತ್ತದೆ. ಇದು ಹೊಸ್ತಿಲು.
2. ಅಲ್ಲಿ ದಟ್ಟವಾಗಿರುವ ಸೋಡಿಯಂ ಬಾಗಿಲುಗಳು ತೆರೆಯುತ್ತವೆ. ಒಳನುಗ್ಗಿದ ಸೋಡಿಯಂ ವೋಲ್ಟೇಜನ್ನು ಇನ್ನೂ ಏರಿಸುತ್ತದೆ, ಅದರಿಂದ ಮತ್ತಷ್ಟು ಬಾಗಿಲು ತೆರೆಯುತ್ತದೆ. ವೋಲ್ಟೇಜ್ ಪ್ಲಸ್ 30ರಿಂದ 40ರವರೆಗೆ ಜಿಗಿಯುತ್ತದೆ.
3. ಸೋಡಿಯಂ ಬಾಗಿಲಿಗೆ ಒಳಗಿನಿಂದ ಬಿರಡೆ ಬೀಳುತ್ತದೆ. ತುಸು ತಡವಾಗಿ ಪೊಟ್ಯಾಸಿಯಂ ಬಾಗಿಲು ತೆರೆದು, ಪೊಟ್ಯಾಸಿಯಂ ಹೊರಹರಿದು, ವೋಲ್ಟೇಜ್ ಕೆಳಗಿಳಿಯುತ್ತದೆ.
4. ಬಿರಡೆ ಬಿಡುವವರೆಗೆ, ಸುಮಾರು ಒಂದು ಮಿಲಿಸೆಕೆಂಡು, ಆ ಜಾಗ ಮತ್ತೆ ಮಿಡಿಯಲಾರದು. ಅದಕ್ಕೇ ಮಿಡಿತ ಮುಂದಕ್ಕೆ ಮಾತ್ರ ಸಾಗುತ್ತದೆ, ಬಂದ ದಾರಿಗೆ ಹಿಂತಿರುಗುವುದಿಲ್ಲ.

ತುಂಬಾ ಜನ ತಪ್ಪು ತಿಳಿಯುವುದು ಮೂರನೇ ಹಂತವನ್ನು. ವೋಲ್ಟೇಜನ್ನು ಕೆಳಗಿಳಿಸುವುದು ಪಂಪ್ ಅಲ್ಲ, ಪೊಟ್ಯಾಸಿಯಂನ ಹೊರಹರಿವು. ಒಂದು ಮಿಡಿತಕ್ಕೆ ದಾಟುವ ಅಯಾನುಗಳು ಒಟ್ಟು ದಾಸ್ತಾನಿನ ಅತಿ ಸಣ್ಣ ಪಾಲು. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ಆಕ್ಸಾನಿನಲ್ಲಿ ಪಂಪನ್ನು ನಿಲ್ಲಿಸಿದರೂ ಅದು ಸಾವಿರಾರು ಬಾರಿ ಮಿಡಿಯಬಲ್ಲದು. ಬ್ರಿಟನ್ನಿನ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಈ ಎಲ್ಲ ಹರಿವುಗಳನ್ನು ಅಳೆದು 1952ರಲ್ಲಿ ಸಮೀಕರಣಗಳಾಗಿ ಬರೆದದ್ದು ಅದೇ ಆಕ್ಸಾನಿನಿಂದ.

ಜೋರು ನೋವಿಗೆ ದೊಡ್ಡ ಮಿಡಿತ, ಸಣ್ಣ ನೋವಿಗೆ ಸಣ್ಣ ಮಿಡಿತ ಇರುತ್ತದೆಯೇ?

ಇಲ್ಲ. ಹೊಸ್ತಿಲು ದಾಟಿದರೆ ಪೂರ್ತಿ ಮಿಡಿತ, ದಾಟದಿದ್ದರೆ ಏನೂ ಇಲ್ಲ. ತೀವ್ರತೆ ತಿಳಿಯುವುದು ಸೆಕೆಂಡಿಗೆ ಎಷ್ಟು ಮಿಡಿತ, ಎಷ್ಟು ಕೋಶಗಳಲ್ಲಿ ಎಂಬುದರಿಂದ.

ನರಸಂದೇಶದ ವೇಗ ಎಷ್ಟು?

ಎಳೆಯ ಮೇಲೆ ಅವಲಂಬಿತ. ಹೊದಿಕೆಯಿಲ್ಲದ ತೆಳು ಎಳೆಯಲ್ಲಿ ಸೆಕೆಂಡಿಗೆ ಅರ್ಧದಿಂದ 2 ಮೀಟರ್, ನಡಿಗೆಯ ವೇಗ. ಮೈಲಿನ್ ಹೊದ್ದ ದಪ್ಪ ಎಳೆಯಲ್ಲಿ 120 ಮೀಟರಿನವರೆಗೆ. ಕಾಲ್ಬೆರಳು ಎಡವಿದಾಗ ತಗುಲಿದ್ದು ಮೊದಲು ಗೊತ್ತಾಗಿ, ಉರಿಯುವ ನೋವು ಒಂದು ಕ್ಷಣ ಬಿಟ್ಟು ಬರುವುದು ಇದರಿಂದಲೇ: ಸ್ಪರ್ಶ ಬಂದದ್ದು ವೇಗದ ಎಳೆಯಲ್ಲಿ, ಉರಿ ಬಂದದ್ದು ನಿಧಾನದ ಎಳೆಯಲ್ಲಿ.

ಮೈಲಿನ್ ಎಂದರೆ ಕೊಬ್ಬಿನಂಶ ಹೆಚ್ಚಿರುವ ಪೊರೆ, ಆಕ್ಸಾನಿಗೆ ಬ್ಯಾಂಡೇಜಿನಂತೆ ಸುತ್ತು ಸುತ್ತಾಗಿ ಕಟ್ಟಿಕೊಂಡಿರುತ್ತದೆ. ನಡುನಡುವೆ ಸುಮಾರು ಒಂದು ಮೈಕ್ರಾನ್ ಅಗಲದ ಬರಿದಾದ ಗಿಣ್ಣುಗಳು, ರಾನ್ವಿಯೇ ಗಿಣ್ಣುಗಳು. ಸೋಡಿಯಂ ಬಾಗಿಲುಗಳೆಲ್ಲ ಅಲ್ಲೇ ಗುಂಪುಗೂಡಿವೆ. ಮಿಡಿತ ಪ್ರತಿ ಅಂಗುಲವನ್ನೂ ತುಳಿಯದೆ ಗಿಣ್ಣಿನಿಂದ ಗಿಣ್ಣಿಗೆ ಹಾರುತ್ತದೆ. ಉಳಿತಾಯ ಎಷ್ಟೆಂದರೆ, ಮೈಲಿನ್ ಇಲ್ಲದ ಸ್ಕ್ವಿಡ್ ಅರ್ಧ ಮಿಲಿಮೀಟರ್ ದಪ್ಪದ ಎಳೆಯಿಂದ ಪಡೆಯುವ ವೇಗವನ್ನು ನಮ್ಮ ಎಳೆ ಅದರ ನೂರನೇ ಒಂದು ದಪ್ಪದಲ್ಲೇ ಪಡೆಯುತ್ತದೆ.

ಮಲ್ಟಿಪಲ್ ಸ್ಕ್ಲಿರೋಸಿಸ್‌ನಲ್ಲಿ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಸುತ್ತು ಬಿಚ್ಚಿದ ಜಾಗದಲ್ಲಿ ಕರೆಂಟ್ ಸೋರಿಹೋಗಿ ಮುಂದಿನ ಗಿಣ್ಣನ್ನು ಹೊಸ್ತಿಲು ದಾಟಿಸಲಾಗುವುದಿಲ್ಲ. ಮೈ ಬಿಸಿಯಾದರೆ ಈ ರೋಗಿಗಳಲ್ಲಿ ದೃಷ್ಟಿ ಮಂಜಾಗುವುದು, ಕಾಲು ಸೋಲುವುದು ಉಂಟು. ಬಿಸಿಯಲ್ಲಿ ಸೋಡಿಯಂ ಬಾಗಿಲುಗಳು ಬೇಗ ಮುಚ್ಚಿಕೊಳ್ಳುತ್ತವೆ, ಮೊದಲೇ ಕಷ್ಟದಲ್ಲಿ ದಾಟುತ್ತಿದ್ದ ಮಿಡಿತ ಅಲ್ಲೇ ನಿಲ್ಲುತ್ತದೆ. ಮೈ ತಣಿದರೆ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಬರುತ್ತದೆ.

ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ದಾಟುವುದು ಹೇಗೆ?

ಸಿನಾಪ್ಸ್ ಎಂಬ ಸಂಧಿಯಲ್ಲಿ. ಎರಡು ಕೋಶಗಳ ನಡುವೆ 20ರಿಂದ 40 ನ್ಯಾನೋಮೀಟರ್ ಸಂದಿರುತ್ತದೆ. ಮಿಡಿತ ಆಕ್ಸಾನಿನ ತುದಿ ತಲುಪಿದಾಗ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಒಳಬಂದ ಕ್ಯಾಲ್ಸಿಯಂ, ರಾಸಾಯನಿಕ ತುಂಬಿ ಪೊರೆಗೆ ಒರಗಿ ನಿಂತಿದ್ದ ಸಣ್ಣ ಗುಳ್ಳೆಗಳನ್ನು ಪೊರೆಯೊಂದಿಗೆ ಬೆಸೆಯುತ್ತದೆ. ಗುಳ್ಳೆ ಒಡೆದು ಕೆಲವು ಸಾವಿರ ಅಣುಗಳು ಸಂದಿಗೆ ಬೀಳುತ್ತವೆ, ಆಚೆ ದಡದ ಗ್ರಾಹಕ ಪ್ರೋಟೀನಿಗೆ ಕೂರುತ್ತವೆ, ಅಲ್ಲಿ ಅಯಾನು ಬಾಗಿಲು ತೆರೆಯುತ್ತದೆ. ಒಟ್ಟು ತಡ ಅರ್ಧದಿಂದ ಒಂದು ಮಿಲಿಸೆಕೆಂಡು. (ಕೆಲವು ಕೋಶಗಳು ನೇರ ಕೊಳವೆಯಂಥ ಸಂಧಿಯಿಂದ ವಿದ್ಯುತ್ತನ್ನೇ ದಾಟಿಸುತ್ತವೆ, ಆದರೆ ಮೆದುಳಿನಲ್ಲಿ ರಾಸಾಯನಿಕ ಸಂಧಿಗಳೇ ಹೆಚ್ಚು.)

ಕೆಲಸ ಇಲ್ಲಿಗೆ ಮುಗಿಯದು, ಬಿಟ್ಟ ರಾಸಾಯನಿಕವನ್ನು ಬಾಚಿ ತೆಗೆಯಲೂಬೇಕು. ತೆಗೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆರ್ಗನೊಫಾಸ್ಫೇಟ್ ಕೀಟನಾಶಕದ ವಿಷವೇ ಉದಾಹರಣೆ. ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಜೊಲ್ಲು, ಕಣ್ಣೀರು ಸುರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಸ್ನಾಯುಗಳು ಅದುರಿ ಅದುರಿ ಸೋಲುತ್ತವೆ, ಕೊನೆಗೆ ಉಸಿರು ನಿಲ್ಲುತ್ತದೆ. ಬೊಟುಲಿನಂ ವಿಷದ್ದು ಇದರ ಉಲ್ಟಾ ಕಥೆ: ಗುಳ್ಳೆಯನ್ನು ಬೆಸೆಯುವ ಪ್ರೋಟೀನನ್ನೇ ಕತ್ತರಿಸಿ, ರಾಸಾಯನಿಕ ಬೀಳದಂತೆ ಮಾಡುತ್ತದೆ.

ಸಾವಿರಾರು ಸಂಪರ್ಕಗಳಿಂದ ಬಂದ ಸಂದೇಶಗಳನ್ನು ಕೋಶ ಹೇಗೆ ಲೆಕ್ಕ ಹಾಕುತ್ತದೆ?

ಹನಿ ಹನಿಗೂಡಿದರೆ ಹಳ್ಳ, ಅಷ್ಟೇ. ಒಂದು ಸಿನಾಪ್ಸ್ ಸಾಮಾನ್ಯವಾಗಿ ಒಂದು ಮಿಲಿವೋಲ್ಟಿಗಿಂತ ಕಡಿಮೆ ಏರಿಕೆ ಕೊಡುತ್ತದೆ. ಹೊಸ್ತಿಲು ಮುಟ್ಟಲು ಸುಮಾರು 15 ಮಿಲಿವೋಲ್ಟ್ ಬೇಕು. ಆದ್ದರಿಂದ ಹತ್ತಾರು ಸಂದೇಶಗಳು ಕೆಲವು ಮಿಲಿಸೆಕೆಂಡುಗಳ ಒಳಗೇ ಒಟ್ಟಾಗಿ ಬರಬೇಕು, ತಡವಾದರೆ ಮೊದಲು ಬಂದದ್ದು ಸೋರಿಹೋಗಿರುತ್ತದೆ. ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಗ್ಲುಟಮೇಟ್ ಏರಿಸುತ್ತದೆ, ಗಾಬಾ ತಡೆಯುತ್ತದೆ. ತಡೆಯುವ ಸಂಪರ್ಕಗಳು ಹಲವು ಕಡೆ ಕೋಶಕಾಯದ ಹತ್ತಿರ, ಆರಂಭಿಕ ಖಂಡದ ಮೇಲೇ ಕೂತಿರುತ್ತವೆ. ದೂರದ ಕೊಂಬೆಗಳಲ್ಲಿ ಎಷ್ಟೇ ಗದ್ದಲವಿದ್ದರೂ ಬಾಗಿಲಲ್ಲಿ ಕೂತವನು ಬೇಡವೆಂದರೆ ಮುಗಿಯಿತು.

ಈ ಎಳೆದಾಟದಲ್ಲಿ ತಡೆ ಸೋತು, ದೊಡ್ಡ ಗುಂಪೊಂದು ಒಟ್ಟಿಗೆ ಮಿಡಿಯತೊಡಗಿದರೆ ಅದೇ ಫಿಟ್ಸ್. ಬೆಂಜೊಡಯಜೆಪೀನ್ ಔಷಧಗಳು ಗಾಬಾದ ತಡೆಯನ್ನು ಬಲಪಡಿಸುತ್ತವೆ, ಫೆನಿಟಾಯಿನ್ ಎಂಬ ಇನ್ನೊಂದು ಔಷಧ ಸೋಡಿಯಂ ಬಾಗಿಲಿನ ಬಿರಡೆ ಬೇಗ ಬಿಡದಂತೆ ಹಿಡಿಯುತ್ತದೆ. ಒಂದೇ ರೋಗಕ್ಕೆ ಎರಡು ಬೇರೆ ಬೇರೆ ಜಾಗದಲ್ಲಿ ಕಡಿವಾಣ.

ಡೋಪಮಿನ್ ಎಂದರೆ ಸಂತೋಷದ ರಾಸಾಯನಿಕವೇ?

ಆ ಹಣೆಪಟ್ಟಿಯನ್ನು ಕಿತ್ತುಹಾಕುವುದು ಒಳ್ಳೆಯದು. ರಾಸಾಯನಿಕಕ್ಕೆ ಸ್ವಂತ ಅರ್ಥವಿಲ್ಲ. ಯಾವ ಜಾಗ, ಯಾವ ಗ್ರಾಹಕ ಎಂಬುದು ಮುಖ್ಯ. ಇದೇ ಡೋಪಮಿನ್ ಬಿಡುವ, ನಡುಮೆದುಳಿನ ಕಪ್ಪು ಭಾಗದ ಕೋಶಗಳು ಸತ್ತರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ: ಕೈ ನಡುಗುತ್ತದೆ, ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ. ಡೋಪಮಿನ್ ಅನ್ನೇ ಮಾತ್ರೆಯಾಗಿ ಕೊಟ್ಟರೆ ಪ್ರಯೋಜನವಿಲ್ಲ, ರಕ್ತದಿಂದ ಮೆದುಳಿಗೆ ಇರುವ ತಡೆಯನ್ನು ಅದು ದಾಟದು. ದಾಟಬಲ್ಲ ಲೆವೊಡೋಪಾ ಕೊಟ್ಟು ಮೆದುಳಿನಲ್ಲೇ ಡೋಪಮಿನ್ ಆಗುವಂತೆ ಮಾಡುತ್ತಾರೆ. ಜೊತೆಗೆ ಕಾರ್ಬಿಡೋಪಾ ಸೇರಿಸುವುದು, ದಾರಿಯಲ್ಲೇ ಅದು ಡೋಪಮಿನ್ ಆಗಿ ವಾಂತಿ ತರದಿರಲಿ ಎಂದು.

ರಕ್ತ ನಿಂತರೆ ಮೆದುಳು ಅಷ್ಟು ಬೇಗ ಹಾಳಾಗುವುದೇಕೆ?

ದೇಹದ ತೂಕದಲ್ಲಿ ಮೆದುಳು ಶೇಕಡಾ 2, ವಿಶ್ರಾಂತಿಯ ಶಕ್ತಿಖರ್ಚಿನಲ್ಲಿ ಶೇಕಡಾ 20. ಆ ಖರ್ಚಿನ ದೊಡ್ಡ ಪಾಲು ಮೇಲೆ ಹೇಳಿದ ಪಂಪಿಗೇ. ಕೂಡಿಟ್ಟ ಇಂಧನ ಇಲ್ಲವೆನ್ನುವಷ್ಟು ಕಡಿಮೆ. ಇಡೀ ಮೆದುಳಿಗೆ ರಕ್ತ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ, ನಾಲ್ಕೈದು ನಿಮಿಷದಲ್ಲಿ ಮರಳಿ ಬಾರದ ಹಾನಿ ಶುರುವಾಗುತ್ತದೆ.

ಕೋಶದೊಳಗೆ ನಡೆಯುವುದು ಹೀಗೆ. ಎಟಿಪಿ ಮುಗಿಯುತ್ತದೆ, ಪಂಪ್ ನಿಲ್ಲುತ್ತದೆ. ಸೋಡಿಯಂ ಒಳಬಂದು ವೋಲ್ಟೇಜ್ ಏರುತ್ತದೆ, ಸೋಡಿಯಂ ಹಿಂದೆಯೇ ನೀರು ಬಂದು ಕೋಶ ಊದುತ್ತದೆ. ಆಕ್ಸಾನಿನ ತುದಿಗಳು ಗ್ಲುಟಮೇಟನ್ನು ಒಮ್ಮೆಗೇ ಸುರಿಯುತ್ತವೆ. ಅದನ್ನು ಬಾಚಬೇಕಾದ ಪಕ್ಕದ ಕೋಶಗಳಿಗೂ ಶಕ್ತಿಯಿಲ್ಲ. ಆ ಗ್ಲುಟಮೇಟ್ ಇನ್ನಷ್ಟು ಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗಿಸುತ್ತದೆ. ಅತಿಯಾದ ಕ್ಯಾಲ್ಸಿಯಂ ಕೋಶವನ್ನೇ ಅರಗಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ದೊಡ್ಡ ರಕ್ತನಾಳ ಕಟ್ಟಿಕೊಂಡ ಸ್ಟ್ರೋಕ್‌ನಲ್ಲಿ ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸರಾಸರಿ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ "ಸ್ವಲ್ಪ ಮಲಗಿ ನೋಡೋಣ" ಎನ್ನಬಾರದು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಲಕ್ಷಣ ಶುರುವಾದ ಹೊತ್ತನ್ನು ಬರೆದಿಟ್ಟುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದೇ ಅದನ್ನು.

ರಕ್ತದಲ್ಲಿ ಸೋಡಿಯಂ ಕಡಿಮೆಯಾದರೆ ಗೊಂದಲ, ಫಿಟ್ಸ್ ಏಕೆ ಬರುತ್ತದೆ?

ರಕ್ತದ ಸೋಡಿಯಂ ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್. ಅದು ದಿಢೀರನೆ ಇಳಿದರೆ ನೀರು ಮೆದುಳಿನ ಕೋಶಗಳೊಳಕ್ಕೆ ಹರಿದು ಅವು ಊದುತ್ತವೆ, ತಲೆಬುರುಡೆಯೊಳಗೆ ಊದಲು ಜಾಗವಿಲ್ಲ. ನಿಧಾನವಾಗಿ ಇಳಿದಿದ್ದರೆ ಕೋಶಗಳು ತಮ್ಮೊಳಗಿನ ಲವಣಾಂಶ ಹೊರಹಾಕಿ ಹೊಂದಿಕೊಂಡಿರುತ್ತವೆ. ಅಂಥವರಿಗೆ ಅವಸರದಲ್ಲಿ ಸೋಡಿಯಂ ಏರಿಸಿದರೆ ಇನ್ನೊಂದು ಅನಾಹುತ: ಕೋಶಗಳು ಸೊರಗಿ, ಮೆದುಳಿನ ಕಾಂಡದಲ್ಲಿ ಮೈಲಿನ್ ಹಾಳಾಗುತ್ತದೆ. ಅದಕ್ಕೇ 24 ಗಂಟೆಯಲ್ಲಿ 8ರಿಂದ 10 ಮಿಲಿಮೋಲ್‌ಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿಮಾಡುವ ವಿಷಯ ಇದಲ್ಲ.

ಹಾಳಾದ ನರಕೋಶ ಮತ್ತೆ ಬೆಳೆಯುತ್ತದೆಯೇ?

ಕೈಕಾಲಿನ ನರ ತುಂಡಾದರೆ, ಕೋಶಕಾಯ ಬದುಕಿದ್ದರೆ, ಆಕ್ಸಾನ್ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ಆರೇಳು ತಿಂಗಳ ಲೆಕ್ಕ. ಮೆದುಳು, ಬೆನ್ನುಹುರಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿನ ಮೈಲಿನ್‌ನಲ್ಲಿ ಬೆಳವಣಿಗೆ ತಡೆಯುವ ಪ್ರೋಟೀನುಗಳಿವೆ, ಗಾಯದ ಸುತ್ತ ಗ್ಲಿಯಾ (ನರಕೋಶಗಳಿಗೆ ಆಸರೆಯಾಗಿರುವ) ಕೋಶಗಳ ಕಲೆ ಗೋಡೆಯಂತೆ ಕಟ್ಟಿಕೊಳ್ಳುತ್ತದೆ. ಹೊಸ ನರಕೋಶಗಳ ಹುಟ್ಟಿನ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿದೆ: ವಯಸ್ಕರ ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹುಟ್ಟುತ್ತವೆ, ಹುಟ್ಟುವುದಿಲ್ಲ ಎಂಬ ಎರಡೂ ಬಗೆಯ ವರದಿಗಳು 2018ರ ಒಂದೇ ವರ್ಷದಲ್ಲಿ ಬಂದವು. ಸ್ಟ್ರೋಕ್ ಆದವರು ಚೇತರಿಸಿಕೊಳ್ಳುವುದು ಬಹುಪಾಲು ಉಳಿದ ಕೋಶಗಳು ಹೊಸ ಸಂಪರ್ಕ ಮಾಡಿಕೊಳ್ಳುವುದರಿಂದ. ವ್ಯಾಯಾಮವನ್ನು ದಿನವೂ, ಪದೇ ಪದೇ ಮಾಡಿಸುವುದು ಅದಕ್ಕೇ.

ನಾವು ಮೆದುಳಿನ ಹತ್ತನೇ ಒಂದು ಭಾಗ ಮಾತ್ರ ಬಳಸುತ್ತೇವಂತೆ, ನಿಜವೇ?

ಸುಳ್ಳು. ಉಳಿದ ತೊಂಬತ್ತು ಭಾಗ ಖಾಲಿ ಕೂತಿದ್ದರೆ ಸಣ್ಣ ಸ್ಟ್ರೋಕ್‌ಗಳಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ.

ಇಇಜಿಯಲ್ಲಿ (ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆಯಲ್ಲಿ) ಕಾಣುವ ಅಲೆಗಳು ನರಕೋಶದ ಮಿಡಿತಗಳೇ?

ಹಾಗೆಂದುಕೊಳ್ಳುವುದು ಸಹಜ, ಆದರೆ ಅಲ್ಲ. ಮಿಡಿತ ಒಂದೆರಡು ಮಿಲಿಸೆಕೆಂಡಿನದು, ಲಕ್ಷಾಂತರ ಕೋಶಗಳ ಮಿಡಿತಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದು ಅಪರೂಪ. ತಲೆಯ ಮೇಲಿನ ಎಲೆಕ್ಟ್ರೋಡ್ ಹಿಡಿಯುವುದು ಸಿನಾಪ್ಸ್‌ಗಳಲ್ಲಿ ನಡೆಯುವ ನಿಧಾನದ ಏರಿಳಿತಗಳ ಮೊತ್ತವನ್ನು. ಮೇಲ್ಪದರದ ಪಿರಮಿಡ್ ಕೋಶಗಳು ಕೊಂಬೆಗಳನ್ನು ಒಂದೇ ದಿಕ್ಕಿಗೆ ಚಾಚಿ ಸಾಲಾಗಿ ನಿಂತಿರುವುದರಿಂದ ಅವುಗಳ ಸಣ್ಣ ಸಣ್ಣ ವೋಲ್ಟೇಜುಗಳು ಕೂಡುತ್ತವೆ. ಅಷ್ಟು ಕೂಡಿಯೂ, ಬುರುಡೆ ದಾಟಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಉಳಿಯುವುದು 10ರಿಂದ 100 ಮೈಕ್ರೋವೋಲ್ಟ್. ಹಲ್ಲು ಕಚ್ಚಿದರೆ, ಕಣ್ಣು ಮಿಟುಕಿಸಿದರೆ ಸ್ನಾಯುವಿನ, ಕಣ್ಣುಗುಡ್ಡೆಯ ವೋಲ್ಟೇಜೇ ಅದನ್ನು ಮುಳುಗಿಸುತ್ತದೆ. ಪರೀಕ್ಷೆಗೆ ಹೋಗುವ ಮುಂಚೆ ತಲೆಗೆ ಎಣ್ಣೆ ಹಚ್ಚಬೇಡಿ, ಸ್ನಾನ ಮಾಡಿ ಬನ್ನಿ ಎನ್ನುವುದೂ ಇದಕ್ಕೇ: ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ಅಂಟದೆ, ಕಾಗದದ ಮೇಲೆ ಮೆದುಳಿನ ಅಲೆಗಿಂತ ಅಂಟಿನ ದೋಷವೇ ದೊಡ್ಡದಾಗಿ ಮೂಡುತ್ತದೆ.